ಕ್ರಮಸಂಖ್ಯೆ ನೂರ ಹದಿಮೂರು

ಪುನೋ ಪಟ್ಟಣದ ಆಟದ ಹಾಲು.
ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೇ ಮೇಜು ಹಾಕಿ
ಕೂತಿದ್ದಾರೆ ಮೂರು ಜನ, ಮೊಹರು ಸಮೇತ.
ಗೋಡೆಗೆ ಅಂಟಿಸಿದ ಹಾಳೆಯಲ್ಲಿ
ಮೇಷ್ಟರಿಲ್ಲದ ಶಾಲೆಗಳು ನೂರ ಹದಿನೇಳು.
ಅಂಕ ಹೆಚ್ಚಿದ್ದವರನ್ನು ಮೊದಲು ಕೂಗುತ್ತಾರೆ,
ಎದ್ದು ಹೋಗಿ ಒಂದು ಊರಿನ ಮೇಲೆ ಬೆರಳಿಡಬೇಕು.
ಎರಡು ನಿಮಿಷ.
ಗುಮಾಸ್ತೆ ಅಡಿಕೋಲಿಟ್ಟು ಕೆಂಪು ಗೀಟು ಎಳೆಯುತ್ತಾಳೆ.

ಡಾಂಬರು ಕಂಡ ಊರುಗಳು ಹತ್ತು ಗಂಟೆಯೊಳಗೇ ಖರ್ಚಾದವು.
ಬಸ್ಸು ಹೋಗುವವು ಹನ್ನೊಂದೂವರೆಗೆ.
ಆಮೇಲೆ ಕೂಗಿಸಿಕೊಂಡವರು
ಹಾಳೆಯ ಮುಂದೆ ನಿಂತು ತಮ್ಮ ಬೂಟು ನೋಡಿಕೊಂಡರು.

ನನ್ನ ಹಾಚಾಪಂಪಾ ಇನ್ನೂ ಗೀಟಿಲ್ಲದೆ ಉಳಿದಿತ್ತು,
ಕೆಳಗಿನಿಂದ ಆರನೆಯ ಸಾಲು.
ಮೂರು ವರ್ಷ ಅಲ್ಲೇ. ಪ್ರತಿ ಮಾರ್ಚಿಗೆ ಹೊಸಬಳು,
ಪ್ರತಿ ಡಿಸೆಂಬರಿಗೆ ಯಾರೂ ಅಲ್ಲ.
ಬೀಗದ ಕೈ ವಾಪಸು ಕೊಡಲು ಮರೆತೆನೆಂದು ಕಚೇರಿಗೆ ಬರೆದಿದ್ದೆ;
ಮರೆತಿರಲಿಲ್ಲ.

ನೂರ ಹನ್ನೆರಡು, ಎವುಲೋಹಿಯಾ ಕಾಲಿಸಾಯಾ,
ಬೆನ್ನಿನ ಗಂಟಿನಲ್ಲಿ ನಾಲ್ಕು ತಿಂಗಳ ಕೂಸು,
ನನ್ನ ಕಿವಿಯ ಹತ್ತಿರ ಕೇಳಿದಳು: ಹಾಚಾಪಂಪಾ ಹೇಗೆ, ಗೊತ್ತಾ?

ಸೋರುತ್ತದೆ, ಎಂದೆ.
ಸೋರುವುದಿಲ್ಲ. ಹೋದ ಜೂನಿನಲ್ಲಿ
ಊರವರ ಜೊತೆ ನಾನೇ ಹತ್ತಿ ತಗಡು ಬಡಿದಿದ್ದೆ.
ಪಾಲಕರ ಸಂಘದ ಅಧ್ಯಕ್ಷ ಕುಡುಕ, ಎಂದೆ.
ಪಾಪ, ಹೊಲದ ಮೊದಲ ಆಲೂಗಡ್ಡೆ ತಂದು
ನನ್ನ ಬಾಗಿಲಲ್ಲಿ ಇಟ್ಟು, ಕೂಗದೆ ಹೋಗುವವನು.
ನೀರು? ಎಂದಳು.
ಅದೊಂದಕ್ಕೆ ನಾಲಿಗೆ ಏಳಲಿಲ್ಲ. ನೀರಿದೆ, ಎಂದೆ.

ಸೋರಿದರೆ ಬಕೆಟ್ ಇಟ್ಟರಾಯಿತು,
ಕೂಸಿನ ಬಟ್ಟೆಗೆ ನೀರು ಮುಖ್ಯ, ಎನ್ನುತ್ತಾ ಎದ್ದಳು.
ಗೀಟು ಬಿತ್ತು. ಸದ್ದೇನೂ ಆಗಲಿಲ್ಲ.

ವಾಪಸು ಬಂದವಳ ಅಂಗೈಗೆ ಬೀಗದ ಕೈ ಹಾಕಿದೆ,
ನನ್ನ ಜೇಬಿನ ಬಿಸಿ ಅದರಲ್ಲಿನ್ನೂ ಆರಿರಲಿಲ್ಲ.
ಕಿಟಕಿ ಪಕ್ಕ ಕೂರುವ ವಿಲ್ಬರ್‌ನನ್ನು ಪ್ರಶ್ನೆ ಕೇಳಬೇಡಿ,
ಸೀಮೆಸುಣ್ಣ ಕೊಡಿ, ತಾನೇ ಹೇಳುತ್ತಾನೆ, ಎಂದೆ.
ಅವಳು ಒಮ್ಮೆ ಬೀಗದ ಕೈಯನ್ನು, ಒಮ್ಮೆ ನನ್ನನ್ನು ನೋಡಿದಳು.
ಏನೂ ಅನ್ನಲಿಲ್ಲ. ಬೆನ್ನಿನ ಗಂಟು ಬಿಗಿ ಮಾಡಿಕೊಂಡಳು.

ನೂರ ಹದಿಮೂರು!
ಉಳಿದದ್ದು ಐದು. ಹೆಸರು ಓದದೆ ಬೆರಳಿಟ್ಟೆ.
ಕೆಂಪು ಶಾಯಿ ಉಗುರಿಗೂ ಹತ್ತಿತು.
ದ್ವೀಪ, ಎಂದಳು ಗುಮಾಸ್ತೆ, ತಲೆ ಎತ್ತದೆ.
ದೋಣಿ ಯಾವಾಗ?
ಗಾಳಿ ಇಲ್ಲದಿದ್ದರೆ ಬುಧವಾರ.