ಕೋಣೆಗಿಂತ ತಣ್ಣಗೆ

ನಲವತ್ತೊಂಬತ್ತು.
ಪರದೆಯ ಮೂಲೆಯಲ್ಲಿ ಕೆಂಪಗೆ ಕೂತಿತ್ತು ಅಂಕಿ.
ಮಂಡ್ಯದ ಏಪ್ರಿಲ್ ಮಧ್ಯಾಹ್ನ, ಗುತ್ತಲು ರಸ್ತೆ, ಗಿರಣಿ ಮೇಲಿನ ರೂಮು.
ಕೆಳಗೆ ಅತ್ತೆ ಚಿಕ್ಕತಾಯಮ್ಮ ಯಾರದೋ ಹತ್ತು ಸೇರು ರಾಗಿ ಬೀಸುತ್ತಿದ್ದಾಳೆ.
ನೆಲ ನಡುಗುತ್ತಿದೆ,
ನನ್ನ ಮೌಸೂ.

ಆಡುವಾಗ ನೀರು ಬಿಸಿಯಾಗಬೇಕಾದ್ದೇ.
ಚಿಪ್ಪಿನ ಉರಿ ಹೊತ್ತು ಪೈಪಿನಲ್ಲಿ ಹರಿದು
ರೇಡಿಯೇಟರಿನಲ್ಲಿ ಇಳಿಸಿ ಮತ್ತೆ ಬರುವುದು ಅದರ ಕೂಲಿ.
ಆದರೆ ಹೋದ ತಿಂಗಳು ನಲವತ್ತೆರಡು ದಾಟುತ್ತಿರಲಿಲ್ಲ.
ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದು ಬದಲಿಸಿದೆ.
ಪಂಪಿಗೆ ಕಿವಿಯಿಟ್ಟೆ, ಗುಂಯ್ ಅನ್ನುತ್ತಿತ್ತು.
ಪೈಪಿನೊಳಗೆ ಗುಳ್ಳೆಯಿಲ್ಲ, ಫ್ಯಾನು ಮೂರೂ ತಿರುಗುತ್ತಿವೆ,
ಅಂಕಿ ಮಾತ್ರ ಇಳಿಯಲೊಲ್ಲದು.

ಬಿಚ್ಚಿದೆ. ಅಡುಗೆಮನೆಯ ಬೋಗುಣಿಗೆ ನೀರು ಬಸಿದೆ.
ರೇಡಿಯೇಟರನ್ನು ಹಳೇ ಟವೆಲಿನಲ್ಲಿ ಸುತ್ತಿ
ಸ್ಕೂಟಿಯ ಕಾಲ ಬಳಿ ಇಟ್ಟುಕೊಂಡು
ನಯಾಜ್ ಪಾಷಾರ ಅಂಗಡಿಗೆ ಹೋದೆ.

ಅಲ್ಲಿ ಟ್ರ್ಯಾಕ್ಟರಿನವು, ಕಬ್ಬಿನ ಲಾರಿಯವು,
ಗೋಡೆಗೊರಗಿ ಸರದಿ ಕಾಯುತ್ತಿದ್ದವು.
ನನ್ನದನ್ನು ಅಂಗೈಯಲ್ಲಿ ತೂಗಿದರು.
‘ಯಾವ ಗಾಡೀದವ್ವ ಇದು?’
‘ಗಾಡೀದಲ್ಲ, ಕಂಪ್ಯೂಟರಿಂದು.’
‘ಓಡಲ್ವಾ?’
‘ಇಲ್ಲ, ಮೇಜಿನ ಮೇಲೇ ಇರ್ತದೆ.’
‘ಎಲ್ಲಿಗೂ ಓಡ್ದೇ ಇಷ್ಟು ಕಾಯ್ತದಾ?’
ರಾತ್ರಿಯೆಲ್ಲ ನಾನು ಹಿಮದ ಬೆಟ್ಟ ಹತ್ತಿದ್ದು,
ಸೇತುವೆ ಸುಟ್ಟದ್ದು,
ಮುಖ ಕಾಣದ ನಾಲ್ವರ ಜೊತೆ ಕೋಟೆ ಕಾದದ್ದು
ಹೇಳಲಾಗಲಿಲ್ಲ.
‘ಒಳಗೇ ಓಡ್ತದೆ’ ಅಂದೆ.
ಅವರು ನಗಲಿಲ್ಲ.

ಒಂದು ತೂತು ಬೆರಳಿಂದ ಮುಚ್ಚಿ
ಇನ್ನೊಂದಕ್ಕೆ ಟ್ಯೂಬು ತೊಡಿಸಿ ಬಾಯಲ್ಲೇ ಊದುತ್ತ
ತೊಟ್ಟಿಯಲ್ಲಿ ಮುಳುಗಿಸಿದರು. ಗುಳ್ಳೆ ಬರಲಿಲ್ಲ.
ನೀರು ಮಾತ್ರ ಮೆಲ್ಲಗೆ ಕದಡಿತು,
ಅಂಬಲಿಯ ಬಣ್ಣಕ್ಕೆ.
ಬೆಂಕಿಕಡ್ಡಿಯಿಂದ ರೆಕ್ಕೆಯ ಸಂದು ಕೆರೆದು
ಮೂಸಿ ನೋಡಿದರು.
‘ರಾಗಿ ಕಣವ್ವ ಇದು!
ನಿನ್ ಗಾಡಿ ದಿನಾ ಹಿಟ್ಟು ತಿಂತಾ ಅದೆ.’
ಸೋಪಿನ ನೀರು ಹೊಯ್ದು ಗಾಳಿ ಬಿಟ್ಟು ತೊಳೆದರು,
ಬಿಸಿಲಿಗೆ ಹಿಡಿದು ತೋರಿಸಿದರು: ಸಂದುಸಂದಲ್ಲೂ ಬೆಳಕು.
ಐವತ್ತು ರೂಪಾಯಿ.

ಸಂಜೆಗೆ ಮತ್ತೆ ಜೋಡಿಸಿದೆ. ನಲವತ್ನಾಲ್ಕು.
ಅಲ್ಲಿಗೇ ನಿಂತಿತು. ಫ್ಯಾನು ಕಿರುಚುವಷ್ಟು ಏರಿಸಿದರೂ
ಒಂದು ಇಳಿದದ್ದು, ಅಷ್ಟೆ.
ರೂಮೇ ಮೂವತ್ತಾರು ಇರುವಾಗ
ಎಷ್ಟು ಸುತ್ತಿದರೂ ನೀರು ರೂಮಿಗಿಂತ ತಣ್ಣಗಾಗದು,
ಬಿಸಿಯನ್ನು ಅದು ಕೊಡಬೇಕಾದ್ದು ಈ ಗಾಳಿಗೇ.
ಅತ್ತೆಗೆ ಇದನ್ನು ಬಿಡಿಸಿ ಹೇಳಿದೆ.
‘ಗೊತ್ತು ಬುಡು’ ಅಂದವಳು
ಕಲ್ಲಿನಿಂದ ಬೀಳುವ ಹಿಟ್ಟಿಗೆ ಅಂಗೈ ಒಡ್ಡಿ
ಗಾಲಿಯನ್ನು ಕೂದಲೆಳೆಯಷ್ಟು ಸಡಿಲಿಸಿದಳು.
ಬಿಗಿ ಹೆಚ್ಚಾದರೆ ಹಿಟ್ಟು ಕಮರುತ್ತದೆ, ಮುದ್ದೆ ಬಿರಿಯುತ್ತದೆ.
ಇಪ್ಪತ್ತೆರಡು ವರ್ಷ. ಮೀಟರಿಲ್ಲ.

ಅವಳ ಹಳೇ ವಾಯಿಲ್ ಸೀರೆ ಕತ್ತರಿಸಿ ಫ್ಯಾನಿನ ಮುಂದೆ ಅಂಟಿಸಿದ್ದೇನೆ.
ಭಾನುವಾರಕ್ಕೊಮ್ಮೆ ಒದರಬೇಕು.
ಒದರಿದರೆ ಒಂದು ಮುಷ್ಟಿ ಬರುತ್ತದೆ.

ನಿನ್ನೆ ಹನ್ನೊಂದೂವರೆಗೆ, ಕೋಟೆಯ ಬಾಗಿಲಲ್ಲಿ
ಐವರೂ ನಿಂತಿರುವಾಗ ಕರೆಂಟು ಹೋಯಿತು.
ಫ್ಯಾನು ಒಂದಷ್ಟು ಹೊತ್ತು ಸುಮ್ಮಸುಮ್ಮನೆ ತಿರುಗಿ ನಿಂತವು.
ಪಂಪು ಮಾತು ಬಿಟ್ಟಿತು. ಅಂಕಿಯೂ ಇಲ್ಲ.
ಕತ್ತಲಲ್ಲಿ ತಡಕಿ
ಪೈಪಿನ ಮೇಲೆ ಅಂಗೈ ಇಟ್ಟೆ.
ಆಗಷ್ಟೇ ಕಲ್ಲಿಂದ ಬಿದ್ದ ಹಿಟ್ಟಿಗಿಂತ
ತುಸು ಕಡಿಮೆ.
ಕಮರುವುದಿಲ್ಲ.

ಬೆಳಕು ಬಂದಾಗ ಕೋಟೆ ಬಿದ್ದಾಗಿತ್ತು.
ಪಾಂಡವಪುರದಿಂದ ಆಡುವ ಜವರೇಶ ಬರೆದಿದ್ದ:
ಎಲ್ಲಿ ಸತ್ತೆ?
ಇಲ್ಲೇ, ಅಂತ ಬರೆದೆ.
ಎಲ್ಲಿಗೂ ಓಡಿಲ್ಲ.