ಬಾಯಿ

ಉಮದಿಯ ಶಾಲೆಗೆ ಬಂದ ಟ್ಯಾಬು ಹದಿನಾಲ್ಕು,
ಹತ್ತನೇತ್ತೆ ಹುಡುಗರು ಮೂವತ್ತೊಂದು.
ಬೆನ್ನ ಮೇಲೆಲ್ಲ ನಿಧಿಯ ಹೆಸರು, ನಂಬರು.
ಕಿತ್ತರೆ ದಂಡ.

ಪುಣೆಯ ಬಾಯಿ ಒಳಗೆ ನಿಂತು
ತ್ರಿಕೋನ ಬಿಡಿಸುತ್ತಾರೆ ಮರಾಠಿಯಲ್ಲಿ.
ಕನ್ನಡ ಎಂದಿದ್ದಲ್ಲಿ ಒತ್ತಿದರೆ
ಗಿರಗಿರ ತಿರುಗುವ ಚಕ್ರ, ಹೋದ ವರ್ಷದ್ದೇ.

ಶಮೀನಾ ಬೆರಳಿಡುತ್ತಾಳೆ.
ಬಾಯಿಯ ಬಾಯಿ ಅರ್ಧ ತೆರೆದು ನಿಲ್ಲುತ್ತದೆ.
"ಕರ್ಣ ಅಂದ್ರ ನಮ್ಮ ವಿಕರ್ಣ, ಈ ಓರೆ ಗೆರಿ.
ತಿಳೀತೇನ್ಲೇ ಸಿದಗೊಂಡ?
ಇಲ್ಲಂದ್ರ ಹಿಂದ ಒಯ್ತೀನಿ."
ಮತ್ತೆ ಬೆರಳು. ಮತ್ತೆ ಪುಣೆ.

ತಿಂಗಳ ಕೊನೆಗೆ ಜತ್ತದಿಂದ ಫಾರ್ಮು:
ಪಾಠ ಎಷ್ಟು ತಲುಪಿದವು?
ಪ್ರತಿ ಪಾಠಕ್ಕೆ ಇಷ್ಟು ರೊಕ್ಕ.
ಮಾಡಗ್ಯಾಳ ಸರು ಹನ್ನೆರಡು ಅಂತ ಬರೆದು
ಪೆನ್ನು ಎತ್ತಿಹಿಡಿದರು.
ನಿಲ್ಲಿಸಿದ್ದೆಷ್ಟು ಸಲ ಅನ್ನುವ ಕಾಲಮ್ಮು
ಫಾರ್ಮಿನಲ್ಲಿ ಎಲ್ಲೂ ಇರಲಿಲ್ಲ.