ಸಾವಿರದ ಇಪ್ಪತ್ಮೂರು

ಎಸ್.ಪಿ. ರೋಡಿನ ಖಲಂದರ್ ಸಾಬರು
ಹದಿನೈದು ರೂಪಾಯಿಗೆ ಕೊಟ್ಟ ಪೊಟೆನ್ಷಿಯೋಮೀಟರು.
ಎಡಕ್ಕೆ ತಿರುಗಿಸಿದರೂ ಸಾವಿರದ ಇಪ್ಪತ್ಮೂರು,
ಬಲಕ್ಕೂ ಅಷ್ಟೇ.
ಡೂಪ್ಲಿಕೇಟ್ ಮಾಲು ಅಂತ ಬೈದೆ.

ನಡುಗಾಲಿನ ತಂತಿ ಕಿತ್ತೆ. ಅಂಕಿ ತೂರಾಡಿತು,
ಬೆರಳು ಹತ್ತಿರ ತಂದರೆ ಇನ್ನೂ ಜಾಸ್ತಿ,
ಬಾಗಿಲ ಸದ್ದಿಗೆಲ್ಲ ಏಳುವ ನಾಯಿಯ ಹಾಗೆ.
ಮತ್ತೆ ಸಿಕ್ಕಿಸಿದೆ. ಮತ್ತೆ ಅದೇ ಹಟ.

ರಾತ್ರಿ ಹನ್ನೊಂದು. ಯಶವಂತಪುರದ ಕಡೆ
ಗೂಡ್ಸು ಹೋಯಿತು, ಮೇಜು ನಡುಗಿತು.
ಆಗ ಕಂಡಿತು:
ಬ್ರೆಡ್‌ಬೋರ್ಡಿನ ನೀಲಿ ಗೀಟು
ನಟ್ಟನಡುವೆ ಒಂದು ಕಾಳಿನಷ್ಟು ಕಡಿದಿದೆ.
ಗ್ರೌಂಡು ಆಚೆ. ಈಚೆ
ಒಂದು ಕಾಲಿಗೆ ನೆಲವೇ ಇಲ್ಲ.

ಎರಡಂಗುಲ ತಂತಿ ಹಾಸಿದೆ.
ತಿರುಗಿಸಿದೆ, ಮೆಲ್ಲಗೆ:
ಎಂಟುನೂರು, ಮುನ್ನೂರ ಹನ್ನೆರಡು, ಏಳು,
ಸೊನ್ನೆ.

ನಾಳೆ ಸಾಬರ ಅಂಗಡಿಯಿಂದ
ಇನ್ನೊಂದು ತರಬೇಕು,
ಬೇಕಿಲ್ಲದಿದ್ದರೂ.